ಅಕ್ಷಶಾಲೆಯ ಎರಡು ಮುದ್ರೆಗಳು

‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯನ್ನು ಕೇಳದವರಿಲ್ಲ. ಯಾರೋ ಒಬ್ಬಿಬ್ಬರ ತಪ್ಪನ್ನು ಒಂದು ಕಸಬಿನವರೆಲ್ಲರ ತಲೆಗೆ ಕಟ್ಟುವ ಮಾತು ಇದು. ಬೆಲೆಬಾಳುವ ವಸ್ತುವನ್ನು ಕೈಯಲ್ಲಿ ಹಿಡಿದು ದುಡಿಯುವವನ ಪಾಡೇ ಹೀಗೆ. ಅವನು ಕದಿಯದಿದ್ದರೂ ಕದ್ದಾನೆಂಬ ಕಣ್ಣು ಅವನ ಮೇಲೆ ಇದ್ದೇ ಇರುತ್ತದೆ. ಚಿನ್ನವೂ ಉಳಿಯಬೇಕು, ದುಡಿಯುವವನ ಮಾನವೂ ಉಳಿಯಬೇಕು ಎಂದರೆ ದಾರಿ ಯಾವುದು?

ಪ್ರಶ್ನೆ ಬಹಳ ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ವಿಚಾರ ವಿಸ್ತಾರವಾಗಿ ಬಂದಿದೆ. ರಾಜನ ಚಿನ್ನಬೆಳ್ಳಿಯ ಕೆಲಸ ನಡೆಯುವ ಮನೆಗೆ ಅಲ್ಲಿ ಅಕ್ಷಶಾಲೆಯೆಂದು ಹೆಸರು. ನಮ್ಮ ಅಕ್ಕಸಾಲೆ ಎಂಬ ಮಾತು ಇದರ ತದ್ಭವವೆನ್ನುವ ವಿದ್ವಾಂಸರೂ ಉಂಟು. ಒಂದರಿಂದ ಒಂದಕ್ಕೆ ದಾರಿಯಿಲ್ಲದ ನಾಲ್ಕು ಸಾಲೆಗಳು. ಬಾಗಿಲು ಮಾತ್ರ ಒಂದೇ. ಕೆಲಸವಿಲ್ಲದವನು ಒಳಹೊಕ್ಕರೆ ಕಠಿನ ದಂಡನೆ. ಅಲ್ಲಿಯ ನೌಕರನೇ ಆದರೂ ತನ್ನ ಚಿನ್ನವನ್ನು ಒಳಗೆ ತಂದರೆ ಅದನ್ನು ಕಳೆದುಕೊಂಡಂತೆಯೇ. ಕುಶಲ ಕೆಲಸಗಾರನಿಂದ ಹಿಡಿದು ಕುಲುಮೆ ಊದುವವನು, ಧೂಳು ತೊಳೆಯುವವನವರೆಗೆ ಎಲ್ಲರನ್ನೂ ಹೋಗುವಾಗ ಬರುವಾಗ ಶೋಧಿಸಬೇಕು. ಹತ್ಯಾರುಗಳೂ ಅರೆಗೆಲಸದ ಒಡವೆಗಳೂ ಅಲ್ಲಿಯೇ ಉಳಿಯಬೇಕು.

ಕಳ್ಳತನದ ಉಪಾಯಗಳನ್ನೂ ಗ್ರಂಥಕಾರನು ಬಲ್ಲ. ತಕ್ಕಡಿಯ ಮೋಸವೊಂದೇ ಅಲ್ಲ. ನೊಣ ಓಡಿಸುವ ನೆಪ, ತನ್ನ ಮೈಯನ್ನು ತಾನೇ ನೋಡಿಕೊಳ್ಳುವ ನೆಪ, ತಿದಿ, ನೀರಿನ ಬಟ್ಟಲು, ಮಡಿಲು, ಇವೆಲ್ಲದರ ಮೇಲೂ ಗಮನವಿರಲಿ ಎನ್ನುತ್ತಾನೆ. ಆದರೆ ಇಷ್ಟೆಲ್ಲ ಹೇಳಿದವನು ಮೈ ತಡವುವುದನ್ನೇ ನಂಬಿ ಕೂರಲಿಲ್ಲ. ಚಿನ್ನವನ್ನು ತೂಗಿ ಕೊಡಬೇಕು, ಲೆಕ್ಕದಲ್ಲಿ ಒಪ್ಪಿಸಬೇಕು. ಬೆಳಿಗ್ಗೆ ಸಂಜೆ ಅದಕ್ಕೆ ಎರಡು ಮುದ್ರೆಗಳು ಬೀಳಬೇಕು. ಒಂದು ಕೆಲಸ ಮಾಡಿಸುವವನದು, ಇನ್ನೊಂದು ಮಾಡುವವನದು.

ಈ ಎರಡನೆಯ ಮುದ್ರೆಯಲ್ಲೇ ಇದೆ ವಿಷಯ. ರಾತ್ರಿ ಚಿನ್ನ ಕಡಮೆಯಾದರೆ ಕೆಲಸದವನ ಮೇಲೆ ಸುಮ್ಮನೆ ಬೆರಳು ತೋರಿಸುವಂತಿಲ್ಲ. ಮುದ್ರೆ ಒಡೆದಿದೆಯೋ ಇಲ್ಲವೋ ನೋಡಬೇಕು. ಒಡೆಯನ ಚಿನ್ನವನ್ನು ಕಾಯುವ ಗುರುತೇ ಬಡವನ ಹೆಸರನ್ನೂ ಕಾಯುತ್ತದೆ.

ನಮ್ಮ ಕೋಲಾರದ ಚಿನ್ನದ ಗಣಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 2001ರಲ್ಲಿ ಗಣಿ ಮುಚ್ಚಿತು. 1930ರಲ್ಲಿ ಅಲ್ಲಿಯ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡುವ ಏರ್ಪಾಡು ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿಬಿಟ್ಟರು. ಬೆರಳಚ್ಚು ಕೊಡುವುದು ಅಪರಾಧಿಯಲ್ಲವೇ? ಅಲ್ಲಿಯೂ ಒಂದು ಗುರುತು ಇತ್ತು. ಆದರೆ ಅದು ಒಂದೇ ಕಡೆಯದು.

ಇಂದು ನೋಟು ಅಚ್ಚಾಗುವಲ್ಲಿ, ನಾಣ್ಯ ಟಂಕಿಸುವಲ್ಲಿ ಕ್ಯಾಮರಾಗಳಿವೆ, ಯಂತ್ರಗಳಿವೆ. ಇರಲಿ, ಬೇಕು. ಆದರೆ ಬಾಗಿಲಲ್ಲಿ ಚೀಲ ಬಿಚ್ಚಿಸುವ ನಿಯಮ ಮೇಲಧಿಕಾರಿಗೂ ಉಂಟೇ, ದಿನದ ಲೆಕ್ಕಕ್ಕೆ ದುಡಿದವನ ರುಜುವೂ ಉಂಟೇ ಎಂದು ಕೇಳಬೇಕು.

ಬಳೆ ಮಾಡಲು ಚಿನ್ನ ಕೊಡುವಾಗ ಮನೆಯ ಹಿರಿಯರು ಅಕ್ಕಸಾಲಿಯ ಎದುರಿಗೇ ತೂಗಿಸಿ, ತೂಕವನ್ನು ಚೀಟಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಅವನಿಗೂ ಕೊಡುತ್ತಿದ್ದರು. ಅದು ಅಪನಂಬಿಕೆಯಲ್ಲ. ಆ ಚೀಟಿ ಕೈಯಲ್ಲಿದ್ದ ಅಕ್ಕಸಾಲಿ ಯಾವ ಗಾದೆಗೂ ಅಂಜಬೇಕಾಗಿರಲಿಲ್ಲ.