ವಿಮಾನ ಚಾಲಕರಾಗಲು ಯಾವ ಕಾಲೇಜು?
(ಸಂಘದ ವಿದ್ಯಾರ್ಥಿ–ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಈ ವೇದಿಕೆಗೆ ಕರೆದಾಗ ನಮಗೆ ಸಂಕೋಚವೇ ಆಯಿತು. ನಾವು ವಿಮಾನಶಾಸ್ತ್ರ ಬಲ್ಲವರಲ್ಲ. ಒಬ್ಬರು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಇನ್ನೊಬ್ಬರು ಶಾಲೆಯಲ್ಲಿ ಪಾಠ ಹೇಳುವವರು. ಗದುಗಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು, ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡವರು. ಆದರೆ ನಮ್ಮ ಮಗಳು ವಿಮಾನ ನಡೆಸುತ್ತೇನೆಂದು ಹಟ ಹಿಡಿದ ಈ ಆರು ವರ್ಷಗಳಲ್ಲಿ ನಾವು ಅಲೆದ ಅಲೆದಾಟವನ್ನು ಕಾರ್ಯದರ್ಶಿಗಳು ಬಲ್ಲರು. ಅದನ್ನೇ ಹೇಳಿದರೆ ಇನ್ನೊಬ್ಬರಿಗೆ ಅಷ್ಟು ಅಲೆದಾಟ ತಪ್ಪೀತು ಎಂದರು. ಒಪ್ಪಿ ಬಂದಿದ್ದೇವೆ.

2019ರಲ್ಲಿ ಅವಳ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಊಟಕ್ಕೆ ಕುಳಿತಾಗ, “ಅಪ್ಪಾ, ನಾ ಪೈಲಟ್ ಆಗ್ತೀನಿ” ಎಂದಳು. ಊರಿನಿಂದ ಬಂದಿದ್ದ ನಮ್ಮ ಅವ್ವ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು: “ಅದಕ್ಕೆಷ್ಟು ರೊಕ್ಕ ಬೇಕಾಗ್ತೈತಿ?” ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿದ ಮೇಲೆ ಅದನ್ನು ಅವ್ವನಿಗೆ ಹೇಳಲು ಒಂದು ತಿಂಗಳು ಧೈರ್ಯ ಬರಲಿಲ್ಲ. ಏಕೆಂದರೆ ಆ ಉತ್ತರ ನಮ್ಮ ನಾಲ್ಕು ಎಕರೆ ಎರೆಹೊಲವನ್ನು ಮುಟ್ಟುತ್ತಿತ್ತು.

ಮಗಳ ಆಸೆ ಈ ಊರಿಗೆ ಹೊಸದೇನಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ಬಂದಿಳಿದದ್ದು ಇಲ್ಲಿಯ ಜುಹುವಿನಲ್ಲಿ. ಅಲ್ಲಿಂದ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಎಂಬುವರು ಮದರಾಸಿಗೆ ಒಯ್ದರು. ನಡುವೆ ತಂಗಿದ್ದು ಯಾವ ಊರೆನ್ನುತ್ತೀರಿ? ನಮ್ಮ ಬಳ್ಳಾರಿ. ಇದನ್ನು ಹೇಳಿದಾಗ ಅವ್ವನ ಮುಖ ಸ್ವಲ್ಪ ಸಡಿಲವಾಯಿತು. ಬಳ್ಳಾರಿಯಲ್ಲಿ ಅವಳ ತಂಗಿಯ ಮನೆಯಿದೆ.

ಅದಂತಿರಲಿ. ನಾವು ಮಾಡಿದ ಮೊದಲನೆಯ ತಪ್ಪೆಂದರೆ, “ಯಾವ ಕಾಲೇಜು?” ಎಂಬ ಪ್ರಶ್ನೆಯಿಂದ ಹೊರಟದ್ದು. ವೈದ್ಯನಾಗಲು ವೈದ್ಯಕೀಯ ಕಾಲೇಜು, ವಕೀಲನಾಗಲು ಕಾನೂನು ಕಾಲೇಜು. ಹಾಗೆಯೇ ಪೈಲಟ್ ಆಗಲು ಪೈಲಟ್ ಕಾಲೇಜು ಇರಬೇಕಲ್ಲವೇ? ಇಲ್ಲ, ಬಂಧುಗಳೇ. ವಿಮಾನ ನಡೆಸುವ ಅಧಿಕಾರವನ್ನು ಕೊಡುವುದು ಪದವಿಯಲ್ಲ, ಪರವಾನಿಗೆ. ಅದನ್ನು ಕೊಡುವುದು ಭಾರತ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿ.ಜಿ.ಸಿ.ಎ. ಹದಿನೆಂಟು ತುಂಬಿರಬೇಕು, ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ನ್ಯಾವಿಗೇಷನ್, ಹವಾಮಾನ, ವಾಯುಯಾನದ ಕಾನೂನು, ವಿಮಾನದ ತಾಂತ್ರಿಕ ವಿಷಯಗಳಲ್ಲಿ ಪ್ರತಿಯೊಂದರಲ್ಲೂ ನೂರಕ್ಕೆ 70 ಪಡೆಯಬೇಕು, ರೇಡಿಯೋದಲ್ಲಿ ಮಾತನಾಡುವ ಪರೀಕ್ಷೆ ಮುಗಿಸಬೇಕು, 200 ತಾಸು ಹಾರಿರಬೇಕು. ಆಗ ಸಿಗುವುದು ವಾಣಿಜ್ಯ ಚಾಲಕನ ಪರವಾನಿಗೆ. ಇದರಲ್ಲೆಲ್ಲಿಯೂ ಬಿ.ಎ. ಇಲ್ಲ, ಬಿ.ಎಸ್ಸಿ. ಇಲ್ಲ.

ನೆರೆಯವರೊಬ್ಬರು “ಏರೋನಾಟಿಕಲ್ ಇಂಜಿನಿಯರಿಂಗಿಗೆ ಹಾಕಿ” ಎಂದು ಗಟ್ಟಿಯಾಗಿ ಹೇಳಿದರು. ಅದು ವಿಮಾನವನ್ನು ಕಟ್ಟುವವರ ವಿದ್ಯೆ. ಸಾರಥಿಯಾಗಬೇಕೆಂದವನನ್ನು ರಥ ಮಾಡುವ ಬಡಗಿಯ ಬಳಿ ನಾಲ್ಕು ವರ್ಷ ಬಿಟ್ಟಂತಾದೀತು. ಓದಬಾರದೆಂದಲ್ಲ, ಓದಿದರೆ ಪೈಲಟ್ ಆಗುತ್ತಾರೆಂಬುದು ಸುಳ್ಳು.

ಹಾಗಾದರೆ ಓದಿನ ವಿಷಯದಲ್ಲಿ ಆಯ್ಕೆಯೇ ಇಲ್ಲವೇ? ಇದೆ, ಮತ್ತು ಮೊದಲನೆಯ ಆಯ್ಕೆ ಹತ್ತನೆಯ ತರಗತಿಯ ಮರುದಿನವೇ ಬರುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಬೇಕೆಂಬುದು ನಿಯಮ. ವೈದ್ಯರಾಗುವ ಆಸೆಯಿಂದ ಜೀವಶಾಸ್ತ್ರ ಹಿಡಿದು ಗಣಿತವನ್ನು ಬಿಡುವ ಮಕ್ಕಳು ಈ ಊರಿನಲ್ಲಿ ಬಹಳ. ವಾಣಿಜ್ಯ ಓದಿ ಆಮೇಲೆ ಮನಸ್ಸು ಬದಲಾದವರೂ ಇದ್ದಾರೆ. ಅಂಥವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಆ ಎರಡು ವಿಷಯಗಳನ್ನು ಬರೆದುಕೊಳ್ಳುವ ದಾರಿಯಿದೆ, ಆದರೆ ಒಂದು ವರ್ಷ ಹೋಗುತ್ತದೆ. 2025ರಲ್ಲಿ ಈ ನಿಯಮವನ್ನು ಸಡಿಲಿಸುವ ಮಾತು ಪತ್ರಿಕೆಗಳಲ್ಲಿ ಬಂದಿತು. ಮಾತನ್ನು ನಂಬಿ ಗಣಿತ ಬಿಡಬೇಡಿ. ಹೇಗೂ ನ್ಯಾವಿಗೇಷನ್ನಿನಲ್ಲಿ ಅದೇ ಗಣಿತ ಎದುರಿಗೆ ಬಂದು ನಿಲ್ಲುತ್ತದೆ.

ಇನ್ನು ಆ ಕರಪತ್ರದ ಕತೆ. ಮಗಳು ಹನ್ನೆರಡನೆಯ ತರಗತಿ ಮುಗಿಸಿದ್ದು 2021ರಲ್ಲಿ. ಆಗ ಊರ ಹೊರಗಿನ ಒಂದು ಕಾಲೇಜಿನ ಕರಪತ್ರ ಮನೆಗೆ ಬಂತು. ಮೇಲೆ ಬಿಳಿ ಅಂಗಿ, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ, ಹಿಂದೆ ದೊಡ್ಡ ವಿಮಾನ. ಒಳಗೆ “ಬಿ.ಎಸ್ಸಿ. ಏವಿಯೇಷನ್”. ಹೋದೆವು. ಕಟ್ಟಡ ಭರ್ಜರಿಯಾಗಿತ್ತು. ಇಂದೇ 25,000 ರೂಪಾಯಿ ಕಟ್ಟಿದರೆ ಸೀಟು ಖಾಯಂ ಎಂದರು. ಕಟ್ಟಿದೆವು. ರಸೀದಿ ಕೈಗೆ ಬಂದ ಮೇಲೆ ಮಗಳು ಮೆಲ್ಲಗೆ ಕೇಳಿದಳು, “ವಿಮಾನ ಎಲ್ಲಿವೆ?” ಮೇಜಿನ ಆಚೆಯವರು, “ಹಾರಾಟದ ವ್ಯವಸ್ಥೆ ಬೇರೆ, ಅದರ ಫೀ ಬೇರೆ, ಅದನ್ನು ನೀವೇ ಹೊರಗೆ ನೋಡಿಕೊಳ್ಳಬೇಕು” ಎಂದರು. ಆ ಮೂರು ವರ್ಷದ ಪಾಠ ವಿಮಾನ ನಿಲ್ದಾಣಗಳ ಆಡಳಿತದ್ದು. ಅದೂ ಒಂದು ಉದ್ಯೋಗವೇ. ಆದರೆ ನಾವು ಹುಡುಕಿಕೊಂಡು ಹೋದದ್ದು ಅದನ್ನಲ್ಲ. ಹಣ ಮರಳಿ ಬರಲಿಲ್ಲ.

ಆದಕಾರಣ ನಮ್ಮ ಅರಿಕೆ ಇಷ್ಟು. ಬಿ.ಎಸ್ಸಿ. ಏವಿಯೇಷನ್ ಎಂಬ ಒಂದೇ ಹೆಸರಿನಲ್ಲಿ ಎರಡು ವಸ್ತುಗಳಿವೆ. ಒಂದರಲ್ಲಿ ಪದವಿಯ ಜೊತೆಗೆ ಹಾರಾಟವೂ ಇದೆ. ರಾಯಬರೇಲಿಯ ಕಡೆ ಫುರ್ಸತ್‌ಗಂಜಿನಲ್ಲಿರುವ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ಪರವಾನಿಗೆಯ ತರಬೇತಿಯೊಡನೆ ಅಂಥ ಪದವಿ ಓದುವ ಅನುಕೂಲವುಂಟು. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಇನ್ನೊಂದರಲ್ಲಿ ಇರುವುದು ಬೆಂಚು, ಕರಿಹಲಗೆ ಮಾತ್ರ. ಹಾರಾಟ ಕಲಿಸಲು ಅನುಮತಿ ಪಡೆದ ಶಾಲೆಗಳ ಪಟ್ಟಿಯನ್ನು ಡಿ.ಜಿ.ಸಿ.ಎ. ಪ್ರಕಟಿಸುತ್ತದೆ. ಅದರಲ್ಲಿ ಹೆಸರಿದೆಯೇ ನೋಡಿ. ಇದ್ದರೂ ಖುದ್ದಾಗಿ ಹೋಗಿ ವಿಮಾನಗಳನ್ನು ಎಣಿಸಿರಿ. ಎಷ್ಟು ಹಾರುತ್ತಿವೆ, ಎಷ್ಟು ಷೆಡ್ಡಿನಲ್ಲಿ ಬಿಚ್ಚಿ ಕುಳಿತಿವೆ, ಕಲಿಸುವವರು ಎಷ್ಟು ಮಂದಿ ಎಂದು ಮಾಸ್ತರರನ್ನಲ್ಲ, ವಿದ್ಯಾರ್ಥಿಗಳನ್ನು ಚಹದ ಅಂಗಡಿಯಲ್ಲಿ ಕೇಳಿರಿ. 200 ತಾಸು ಒಂದೂವರೆ ವರ್ಷದಲ್ಲಿ ಮುಗಿಯುತ್ತದೆಂದು ಬರೆದಿರುತ್ತಾರೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಹಾರಾಟವಿಲ್ಲ. ಚಳಿಗಾಲದ ಮಂಜಿನಲ್ಲಿ ಮುಂಜಾನೆ ಇಲ್ಲ. ವಿಮಾನ ಕೆಟ್ಟರೆ ಬಿಡಿಭಾಗ ಬರುವ ತನಕ ಇಲ್ಲ. ಹಾಸ್ಟೆಲಿನ ಖರ್ಚು ಮಾತ್ರ ದಿನಾಲೂ ಇದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ವೈದ್ಯಪರೀಕ್ಷೆ. ಒಂದು ಕಾಸೂ ಕಟ್ಟುವ ಮೊದಲು. ಮೊದಲು ಎರಡನೆಯ ದರ್ಜೆಯ ಪರೀಕ್ಷೆ. ಅದನ್ನು ಮಾಡಲು ಅನುಮತಿ ಪಡೆದ ವೈದ್ಯರು ದೊಡ್ಡ ಊರುಗಳಲ್ಲಿದ್ದಾರೆ. ಬಳಿಕ ಒಂದನೆಯ ದರ್ಜೆಯದು, ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯಂಥ ಗೊತ್ತಾದ ಕೇಂದ್ರಗಳಲ್ಲಿ. ಕನ್ನಡಕವಿದ್ದರೆ ಆಗುವುದಿಲ್ಲವೆಂದು ಎದೆ ಒಡೆದುಕೊಳ್ಳುವವರಿದ್ದಾರೆ. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಿದ್ದರೆ ಮಿತಿಯೊಳಗೆ ಒಪ್ಪುತ್ತಾರೆ. ಬಣ್ಣಗಳ ಭೇದ ತಿಳಿಯದ ದೋಷವಿದ್ದರೆ ಮಾತ್ರ ದಾರಿ ಅಲ್ಲಿಗೇ ಮುಗಿಯಬಹುದು. ಅದು ಮನೆಯಲ್ಲಿ ಯಾರಿಗೂ ಗೊತ್ತಿರದೆ ಹದಿನೆಂಟು ವರ್ಷ ಕಳೆದಿರಬಹುದು.

ನಮ್ಮ ಮಗಳನ್ನು ಎರಡನೆಯ ದರ್ಜೆಯಲ್ಲಿ ಸರಿ ಎಂದರು, ಒಂದನೆಯ ದರ್ಜೆಯಲ್ಲಿ ತಾತ್ಕಾಲಿಕವಾಗಿ ಅನರ್ಹಳೆಂದರು. ಕಾರಣ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ. ಊಟ ಬಿಟ್ಟು ಪುಸ್ತಕ ಹಿಡಿದಿದ್ದಳಲ್ಲ! ಅವ್ವ ಊರಿನಿಂದ ಸಜ್ಜಿ ಹಿಟ್ಟು, ಬೆಲ್ಲ, ಶೇಂಗಾ ಕಳಿಸಿದಳು. ವೈದ್ಯರು ಗುಳಿಗೆ ಬರೆದರು. ಅವ್ವ ತನ್ನ ಹಿಟ್ಟಿನಿಂದಲೇ ಆಯಿತೆನ್ನುತ್ತಾಳೆ. ಮೂರು ತಿಂಗಳಿಗೆ ಅರ್ಹಳೆಂಬ ಕಾಗದ ಬಂತು. ಹಾರಾಟದ ಶಾಲೆಗೆ ಹಣ ಕಟ್ಟಿ ಕುಳಿತಿದ್ದರೆ ಆ ಮೂರು ತಿಂಗಳು ನಮಗೆ ನಿದ್ದೆ ಬರುತ್ತಿರಲಿಲ್ಲ.

ಆ ಮೂರು ತಿಂಗಳಲ್ಲಿಯೇ ನಾವು ಮೂವರೂ ಕುಳಿತು ಒಂದು ನಿರ್ಧಾರ ಮಾಡಿದೆವು. ಹಾರುವುದು ಖಂಡಿತ, ಆದರೆ ಅದಕ್ಕೆ ಮುಂಚೆ ಭೌತಶಾಸ್ತ್ರ, ಗಣಿತ ಇರುವ ಸಾದಾ ಬಿ.ಎಸ್ಸಿ. ಮಗಳು ಅತ್ತಳು. “ಮೂರು ವರ್ಷ ಹಾಳು” ಎಂದಳು. ಬೇಗ ಸೇರಿದವರಿಗೆ ಹಿರಿತನ ಬೇಗ ಬರುತ್ತದೆ, ಅವಳ ಮಾತು ತಪ್ಪಲ್ಲ. ಅನುಕೂಲಸ್ಥರು ಹನ್ನೆರಡರ ನಂತರ ನೇರವಾಗಿ ಹಾರಲು ಹೋಗಿ, ಪದವಿಯನ್ನು ಅಂಚೆಯ ಮೂಲಕ ಓದಿದರೆ ನಾವು ಬೇಡವೆನ್ನುವುದಿಲ್ಲ. ಆದರೆ ನಮ್ಮಂಥವರು ಲೆಕ್ಕ ಹಾಕುವ ರೀತಿ ಬೇರೆ. ಪರವಾನಿಗೆ ಬಂದ ಮೇಲೂ ಪೈಲಟ್ಟಿನ ಜೀವನ ವರ್ಷವರ್ಷದ ವೈದ್ಯಪರೀಕ್ಷೆಯ ಮೇಲೆ ನಿಂತಿದೆ. ಕಂಪನಿಗಳಂತೂ ಮೋಡದ ಹಾಗೆ. 2012ರಲ್ಲಿ ಕಿಂಗ್‌ಫಿಶರ್ ನಿಂತಿತು. ಮಗಳು ಹತ್ತನೆಯದನ್ನು ಮುಗಿಸಿದ 2019ರಲ್ಲಿಯೇ, ಏಪ್ರಿಲಿನಲ್ಲಿ, ಜೆಟ್ ಏರ್‌ವೇಸ್ ನಿಂತಿತು. 2020ರಲ್ಲಿ ಕೋವಿಡ್ ಬಂದು ಎಲ್ಲವೂ ನಿಂತವು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಅದೇ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಕೊಟ್ಟದ್ದೂ ನಿಜವೇ. ಬರುವ ವಿಮಾನಕ್ಕೆ ಚಾಲಕರು ಬೇಕು. ಆದರೆ ನಮ್ಮ ಮಗು ಪರವಾನಿಗೆ ಹಿಡಿದು ನಿಂತ ವರ್ಷ ಬಿಸಿಲೋ ಮಳೆಯೋ ಯಾರು ಬಲ್ಲರು? ಭೌತಶಾಸ್ತ್ರ, ಗಣಿತದ ಬಿ.ಎಸ್ಸಿ. ಇದ್ದವರು ವಿಮಾನ ನಿಲ್ದಾಣಗಳ ಪ್ರಾಧಿಕಾರದಲ್ಲಿ ವಾಯುಸಂಚಾರ ನಿಯಂತ್ರಣದ ಹುದ್ದೆಗೆ ಪರೀಕ್ಷೆ ಬರೆಯಬಹುದು. ಬ್ಯಾಂಕು, ಸರಕಾರಿ ನೌಕರಿಗಳ ಬಾಗಿಲೂ ತೆರೆದಿರುತ್ತದೆ. ಬರಿಯ ಏವಿಯೇಷನ್ ಪದವಿ ಹಿಡಿದವನಿಗೆ ವಿಮಾನಯಾನವೇ ಕುಸಿದಾಗ ಆ ಪದವಿಯೂ ಅದರೊಡನೆ ಕುಸಿಯುತ್ತದೆ ಎಂದು ನಮಗೆ ತೋರಿತು.

ಅತ್ತರೂ ಅವಳು ವ್ಯರ್ಥವಾಗಿ ಕುಳಿತುಕೊಳ್ಳಲಿಲ್ಲ. ಬಿ.ಎಸ್ಸಿ. ಓದುತ್ತಲೇ ಡಿ.ಜಿ.ಸಿ.ಎ. ಪರೀಕ್ಷೆಗಳನ್ನು ಒಂದೊಂದಾಗಿ ಬರೆದಳು. ಹವಾಮಾನದಲ್ಲಿ ಒಮ್ಮೆ 66 ಬಂದು ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಎರಡನೆಯ ಸಲ ಆಯಿತು.

ಹಣದ ಮಾತನ್ನು ಮುಚ್ಚಿಡುವುದಿಲ್ಲ. ಇಲ್ಲಿ ಪರವಾನಿಗೆಯ ವೆಚ್ಚವೇ ಅರ್ಧ ಕೋಟಿಯನ್ನು ದಾಟುತ್ತದೆ. ಆಮೇಲೆ ಏರ್‌ಬಸ್ಸೋ ಬೋಯಿಂಗೋ ಒಂದು ಜಾತಿಯ ವಿಮಾನಕ್ಕೆ ಬೇರೆ ತರಬೇತಿ. ಅದಕ್ಕೆ ಇನ್ನಷ್ಟು ಲಕ್ಷ. ಕಂಪನಿಗಳೇ ಆರಿಸಿ ಕಲಿಸುವ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಕೋಟಿಯ ಆಸುಪಾಸಿಗೆ ಹೋಗುತ್ತದೆ. ಕೆಲಸದ ಭರವಸೆ ಹೆಚ್ಚು, ಆದರೂ ಕರಾರಿನ ಸಣ್ಣ ಅಕ್ಷರಗಳನ್ನು ಓದಬೇಕು. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಒತ್ತೆ ಕೇಳುತ್ತವೆ. ನಮ್ಮಲ್ಲಿ ಒಬ್ಬರು ಬ್ಯಾಂಕಿನವರೇ. ಒತ್ತೆಯ ಕಾಗದ ಬರೆಯುವ ಕೈ ತನ್ನ ಮನೆಯ ಕಾಗದಕ್ಕೆ ನಡುಗಿತು. ಕೊನೆಗೆ ಎರಡು ಎಕರೆ ಮಾರಿದೆವು, ಮನೆಯನ್ನು ಒತ್ತೆಯಿಟ್ಟೆವು, ಎರಡು ಎಕರೆ ಉಳಿಸಿದೆವು. ಮಾರುವ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತುವಾಗ ಒಂದು ಮಾತೂ ಆಡಲಿಲ್ಲ.

ಹೆಣ್ಣುಮಗಳಿಗೆ ಇದೆಲ್ಲ ಏಕೆ ಎಂದು ಈ ಸಂಘದಲ್ಲಿಯೇ ಕೆಲವರು ಕೇಳಿದ್ದುಂಟು. ಪ್ರೇಮ್ ಮಾಥುರ್ ಅವರು ಹೈದರಾಬಾದಿನ ಡೆಕ್ಕನ್ ಏರ್‌ವೇಸಿನಲ್ಲಿ ವಿಮಾನ ನಡೆಸುತ್ತಿದ್ದ ಕಾಲಕ್ಕೆ ಕೇಳಿದವರ ತಂದೆಗೆ ಮದುವೆಯಾಗಿರಲಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಚಾಲಕರೆಲ್ಲರೂ ಹೆಂಗಸರೇ. ಇಷ್ಟು ಹೇಳಿದರೆ ಸಾಕು.

ಭಯ ಇಲ್ಲವೆಂದರೆ ಸುಳ್ಳಾದೀತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ ಮಗಳು ಹಾರಾಟದ ಶಾಲೆಯಲ್ಲಿದ್ದಳು. ಆ ವಾರ ನಾವು ದಿನಕ್ಕೆ ಮೂರು ಸಲ ಫೋನ್ ಮಾಡಿದೆವು. “ಬಾ” ಎಂಬ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದಿತ್ತು. ಇಬ್ಬರೂ ಆಡಲಿಲ್ಲ. ಅವಳು ಆ ಶನಿವಾರವೂ ಹಾರಿದಳು.

ಈಗ ಅವಳ ಪುಸ್ತಕದಲ್ಲಿ 120 ತಾಸು ಆಗಿದೆ; ಇನ್ನೂ 80 ಬಾಕಿ. ಅವ್ವ ಪ್ರತಿ ಸೋಮವಾರ ಫೋನಿನಲ್ಲಿ “ಎಷ್ಟಾತು?” ಎಂದು ಕೇಳುತ್ತಾಳೆ, ಮೊದಲು ಹತ್ತಿಯ ತೂಕ ಕೇಳುತ್ತಿದ್ದ ಹಾಗೆ.

ಪ್ರತಿ ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸಂಘದ ಗ್ರಂಥಾಲಯದಲ್ಲಿ ಇರುತ್ತೇವೆ. ಈ ದಾರಿಯ ಯೋಚನೆಯಿರುವ ಮಕ್ಕಳು ತಂದೆತಾಯಿಯರೊಡನೆ ಬರಬೇಕು. ಅಂಕಪಟ್ಟಿ ತನ್ನಿ, ಕನ್ನಡಕದ ಚೀಟಿ ತನ್ನಿ. ಯಾವುದಾದರೂ ಕಾಲೇಜಿನ ಕರಪತ್ರವಿದ್ದರೆ ಅದನ್ನೂ ತನ್ನಿ. ಕರಪತ್ರ ಓದುವುದನ್ನು ನಾವು 25,000 ರೂಪಾಯಿ ಕೊಟ್ಟು ಕಲಿತಿದ್ದೇವೆ, ನಿಮಗೆ ಪುಕ್ಕಟೆ ಓದಿ ಹೇಳುತ್ತೇವೆ.