ಕಿವಿಯಿಂದ ಓದುವವರಿಗೊಂದು ಜಾಲತಾಣ



ಇಂದು ಸಂಜೆ ವಾರ್ತೆ ಬರುವಾಗ ಟಿ.ವಿ.ಗೆ ಬೆನ್ನು ತಿರುಗಿಸಿ ಕುಳಿತು ನೋಡಿ. ನೋಡಿ ಎಂದೆನಲ್ಲವೆ? ಕೇಳಿ ಎನ್ನಬೇಕಿತ್ತು. ವಾಚಕರ ಮಾತು ನಿಮಗೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ‘ಹೆಚ್ಚಿನ ವಿವರಗಳಿಗೆ ತೆರೆಯ ಮೇಲೆ ಕಾಣುತ್ತಿರುವ ಸಂಖ್ಯೆಗೆ ಕರೆ ಮಾಡಿ’ ಎಂಬ ಮಾತು ಬಂದಾಗ ಏನು ಮಾಡುವಿರಿ? ಈ ತಪ್ಪನ್ನು ನಾವು ನಿರ್ಮಾಪಕರು ಆಗಾಗ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಸಂಕಲನ ಮುಗಿದ ಮೇಲೆ ಚಿತ್ರವನ್ನು ಆರಿಸಿ ಧ್ವನಿಯನ್ನಷ್ಟೇ ಒಮ್ಮೆ ಕೇಳುವ ಅಭ್ಯಾಸವನ್ನು ಹಿರಿಯರೊಬ್ಬರು ನನಗೆ ಕಲಿಸಿದರು. ಅದು ಜಾಲತಾಣಗಳಿಗೂ ಅನ್ವಯಿಸುತ್ತದೆ ಎಂದು ತಿಳಿದದ್ದು ಮಾತ್ರ ನಮ್ಮ ಬೀದಿಯ ಒಬ್ಬ ವಿದ್ಯಾರ್ಥಿಯಿಂದ.

ಆತ ಬಿ.ಎ. ಎರಡನೆಯ ವರ್ಷದಲ್ಲಿದ್ದ. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನು ಜಾಲತಾಣದಲ್ಲಿಯೇ ತುಂಬಬೇಕಿತ್ತು. ಮರುದಿನವೇ ಕೊನೆಯ ದಿನ. ‘ನೀವು ತುಂಬಿಕೊಡುವುದು ಬೇಡ ಸಾರ್, ಪಕ್ಕದಲ್ಲಿ ಕುಳಿತಿದ್ದರೆ ಸಾಕು’ ಎಂದ. ಅವನ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಇತ್ತು. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ನನಗೆ ಆ ಪುಟದಲ್ಲಿ ಸುಂದರವಾದ ಬಣ್ಣಗಳು, ಮಂತ್ರಿಗಳ ಭಾವಚಿತ್ರ, ಒಪ್ಪವಾದ ಅರ್ಜಿ ಕಾಣಿಸುತ್ತಿದ್ದವು. ಅವನಿಗೆ ಕೇಳಿಸಿದ್ದು ಇಷ್ಟು: ‘ಚಿತ್ರ. ಚಿತ್ರ. ಲಿಂಕ್. ಲಿಂಕ್. ಖಾಲಿ. ಖಾಲಿ. ಬಟನ್.’ ಯಾವ ಖಾಲಿ ಜಾಗದಲ್ಲಿ ಹೆಸರು, ಯಾವುದರಲ್ಲಿ ಜನ್ಮದಿನಾಂಕ ಎಂಬುದು ತಿಳಿಯುವಂತಿರಲಿಲ್ಲ. ಊಹಿಸಿ ಊಹಿಸಿ ತುಂಬಿದ. ತಪ್ಪಾದ ಕಡೆ ಪೆಟ್ಟಿಗೆ ಕೆಂಪಾಗುತ್ತಿತ್ತೇ ಹೊರತು ಮಾತಿನಲ್ಲಿ ಏನೂ ಹೇಳುತ್ತಿರಲಿಲ್ಲ. ಕೊನೆಗೆ ಬಂದದ್ದು ಕ್ಯಾಪ್ಚಾ, ಅಂದರೆ ಸೊಟ್ಟಪಟ್ಟ ಅಕ್ಷರಗಳ ಚಿತ್ರವನ್ನು ತೋರಿಸಿ ‘ನೀವು ಯಂತ್ರವಲ್ಲ, ಮನುಷ್ಯರು ಎಂದು ಸಾಬೀತುಪಡಿಸಿ’ ಎನ್ನುವ ಪರೀಕ್ಷೆ. ಅದನ್ನು ಧ್ವನಿಯಲ್ಲಿ ಕೇಳುವ ಅನುಕೂಲವಿರಲಿಲ್ಲ. ನಾನು ಓದಿ ಹೇಳಿದೆ. ಎರಡು ಗಂಟೆ ಹಿಡಿಯಿತು.

ಕೆಲಸವೇನೋ ಮುಗಿಯಿತು. ಆದರೆ ಅವನು ಹೇಳಿದ ಒಂದು ಮಾತು ನನ್ನಲ್ಲಿ ಉಳಿದಿದೆ. ಹಿಂದಿನ ವರ್ಷ ಇದೇ ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ತುಂಬಿಸಿದ್ದನಂತೆ. ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆ, ಪಾಸ್‌ವರ್ಡ್ ಮೂರನ್ನೂ, ಸರದಿಯಲ್ಲಿ ನಿಂತವರ ಎದುರಿಗೇ ಗಟ್ಟಿಯಾಗಿ ಹೇಳಬೇಕಾಯಿತಂತೆ.

ಇಲ್ಲಿ ಕೊರತೆ ಇದ್ದದ್ದು ಎಲ್ಲಿ? ಅವನ ಕಣ್ಣಿನಲ್ಲಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅದೇ ಕಂಪ್ಯೂಟರಿನಲ್ಲಿ ಅವನು ದಿನಪತ್ರಿಕೆ ಓದುತ್ತಾನೆ, ಪ್ರಬಂಧ ಬರೆಯುತ್ತಾನೆ. ಈ ಒಂದು ಪುಟ ಮಾತ್ರ ಅವನಿಗೆ ಬಾಗಿಲು ತೆರೆಯಲಿಲ್ಲ.

ವಿಜ್ಞಾನ ಓದಿದವನಾದ್ದರಿಂದ ಇದರ ಒಳಗುಟ್ಟನ್ನು ತಿಳಿಯುವ ಕುತೂಹಲ ನನಗೆ. ಸ್ಕ್ರೀನ್ ರೀಡರ್ ತೆರೆಯನ್ನು ‘ನೋಡುವುದಿಲ್ಲ’. ಪುಟದ ಹಿಂದೆ ಅಡಗಿರುವ ಸಂಕೇತಗಳನ್ನು ಓದುತ್ತದೆ. ಕಣ್ಣು ಒಂದು ಪುಟವನ್ನು ಉದ್ದಗಲವಾಗಿ ಒಮ್ಮೆಗೇ ಹಿಡಿಯುತ್ತದೆ. ಕಿವಿಗೆ ಎಲ್ಲವೂ ಒಂದರ ಹಿಂದೆ ಒಂದಾಗಿ ಬರಬೇಕು. ಅಕ್ಷರವನ್ನು ದೊಡ್ಡದಾಗಿ, ದಪ್ಪವಾಗಿ ಬರೆದರೆ ಕಣ್ಣಿಗೆ ಅದು ಶೀರ್ಷಿಕೆ. ಆದರೆ ಸಂಕೇತದಲ್ಲಿ ‘ಇದು ಶೀರ್ಷಿಕೆ’ ಎಂದು ಗುರುತು ಹಾಕಿದ್ದರೆ ಮಾತ್ರ ಕಿವಿಗೂ ಶೀರ್ಷಿಕೆ. ಆಗ ಓದುಗ ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು, ನೀವು ಪುಸ್ತಕದ ಹಾಳೆ ತಿರುವಿದಂತೆ. ಚಿತ್ರಕ್ಕೆ ಒಂದು ಸಾಲಿನ ವಿವರಣೆ, ಖಾಲಿ ಜಾಗಕ್ಕೆ ‘ತಂದೆಯ ಹೆಸರು’ ಎಂಬ ಗುರುತುಪಟ್ಟಿ, ಬಟನ್‌ಗೆ ‘ಅರ್ಜಿ ಸಲ್ಲಿಸಿ’ ಎಂಬ ಹೆಸರು ಇವಿಷ್ಟನ್ನೂ ಸಂಕೇತದಲ್ಲಿಯೇ ಬರೆಯಬೇಕು. ಒಂದೊಂದಕ್ಕೂ ನಿಮಿಷ ಹಿಡಿಯದ ಕೆಲಸ.

ಕನ್ನಡಕ್ಕೆ ಒಂದು ವಿಶೇಷ ತೊಡಕಿತ್ತು. ಬಹುಕಾಲ ನಮ್ಮ ಕಂಪ್ಯೂಟರ್ ಬರಹ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಬರಹವಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಸ್ಕ್ರೀನ್ ರೀಡರ್ ಆ ರಾಶಿಯನ್ನೇ ಓದುತ್ತಿತ್ತು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿದೆ. ಆದರೂ ಆದೇಶವನ್ನು ಮುದ್ರಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ತಾಣಕ್ಕೆ ಏರಿಸುವ ಪದ್ಧತಿ ಎಷ್ಟೋ ಕಚೇರಿಗಳಲ್ಲಿದೆ. ಹಾಗೆ ಮಾಡಿದಾಗ ಆದೇಶವೆಲ್ಲ ಒಂದು ಛಾಯಾಚಿತ್ರ ಮಾತ್ರ. ಟೈಪು ಮಾಡಿದ ಮೂಲ ಪ್ರತಿ ಅದೇ ಕಂಪ್ಯೂಟರಿನಲ್ಲಿ ಇರುತ್ತದೆ!

ನನ್ನ ಮಿತ್ರ ಬಳಸುವ ಸ್ಕ್ರೀನ್ ರೀಡರಿನ ಹೆಸರು ಎನ್.ವಿ.ಡಿ.ಎ. ಮಾರುಕಟ್ಟೆಯಲ್ಲಿದ್ದ ಇಂಥ ತಂತ್ರಾಂಶಗಳ ಬೆಲೆ ಸಾಮಾನ್ಯರ ಕೈಗೆ ಎಟುಕದಷ್ಟಿದ್ದ ಕಾಲದಲ್ಲಿ, 2006ರಲ್ಲಿ, ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ತರುಣ ಇದನ್ನು ಬರೆಯತೊಡಗಿದರು. ಬಳಿಕ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ದೃಷ್ಟಿಹೀನರು. ಅದು ಇಂದಿಗೂ ಉಚಿತ, ಕನ್ನಡವನ್ನೂ ಓದುತ್ತದೆ.

ಪ್ರಶ್ನೆ ದೃಷ್ಟಿಯಿಲ್ಲದವರದ್ದಷ್ಟೇ ಅಲ್ಲ. ಕೈ ನಡುಗುವವರಿಗೆ ಮೌಸ್ ಹಿಡಿಯಲಾಗದು. ಕೀಲಿಮಣೆಯೊಂದರಿಂದಲೇ ಪುಟವೆಲ್ಲ ಓಡಾಡುವಂತಿರಬೇಕು. ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೆ ‘ಹಸಿರು ಬಣ್ಣದ ಸೀಟುಗಳು ಖಾಲಿ’ ಎಂದರೆ ಏನು ತಿಳಿದೀತು? ಕಿವಿ ಕೇಳದವರಿಗೆ ದೃಶ್ಯಗಳ ಜೊತೆ ಬರಹ ಬೇಕು. ಇನ್ನು ಮಿನುಗುವ ಚಿತ್ರಗಳ ವಿಷಯ ನಮ್ಮ ಟಿ.ವಿ.ಯವರಿಗೆ ಚೆನ್ನಾಗಿ ಗೊತ್ತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಧಾರಾವಾಹಿಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿ, ಸುಮಾರು 700 ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸೇರಿಸಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿನುಗಬಾರದು ಎಂಬುದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. 1999ರಲ್ಲಿ ಮೊದಲು ಪ್ರಕಟವಾದ ಈ ಮಾರ್ಗಸೂಚಿಯ ಈಚಿನ ಆವೃತ್ತಿ 2023ರದ್ದು.

‘ಇದಕ್ಕೆಲ್ಲ ಖರ್ಚೆಷ್ಟು, ಸಮಯವೆಷ್ಟು?’ ಎಂದು ಅಧಿಕಾರಿಗಳು ಕೇಳುವುದುಂಟು. ಇದಕ್ಕೆ ಸಿಡ್ನಿಯ ಪ್ರಕರಣವೊಂದು ಉತ್ತರ ಕೊಡುತ್ತದೆ. 2000ದ ಒಲಿಂಪಿಕ್ ಕ್ರೀಡೆಗಳಿಗೆ ಸಂಘಟನಾ ಸಮಿತಿ ಒಂದು ಜಾಲತಾಣ ಮಾಡಿತ್ತು. ಬ್ರೂಸ್ ಮ್ಯಾಗ್ವೈರ್ ಎಂಬ ದೃಷ್ಟಿಹೀನ ಓದುಗರು ಕಂಪ್ಯೂಟರಿಗೆ ಜೋಡಿಸಿದ ಬ್ರೈಲ್ ಪಟ್ಟಿಕೆಯನ್ನು ಬೆರಳಿನಿಂದ ಮುಟ್ಟಿ ಓದುತ್ತಿದ್ದವರು. ಚಿತ್ರಗಳಿಗೆ ವಿವರಣೆಯಿಲ್ಲ, ವೇಳಾಪಟ್ಟಿಯಿಂದ ಕ್ರೀಡೆಗಳ ಸೂಚಿಗೆ ಹೋಗಲು ದಾರಿಯಿಲ್ಲ, ಫಲಿತಾಂಶದ ಕೋಷ್ಟಕಗಳು ಓದಲು ಬರುವುದಿಲ್ಲ ಎಂದು 1999ರಲ್ಲಿ ಅವರು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಸಮಿತಿಯ ವಾದ ಹೀಗಿತ್ತು: ಇದನ್ನು ಸರಿಪಡಿಸಲು ಒಬ್ಬನಿಗೆ ವರ್ಷಕ್ಕೂ ಹೆಚ್ಚು ಕೆಲಸ, 20 ಲಕ್ಷ ಡಾಲರಿಗೂ ಮಿಗಿಲಾದ ವೆಚ್ಚ. ದೂರುದಾರರ ಪರ ಬಂದ ತಜ್ಞರು ಇದು ಕೆಲವೇ ವಾರಗಳ ಕೆಲಸ ಎಂದರು. ಆಯೋಗ ತಜ್ಞರ ಮಾತನ್ನು ಒಪ್ಪಿತು. 2000ದ ಆಗಸ್ಟಿನಲ್ಲಿ ತೀರ್ಪು ಬಂತು. ಸೆಪ್ಟೆಂಬರ್ 15ರೊಳಗೆ, ಅಂದರೆ ಕ್ರೀಡೆಗಳ ಉದ್ಘಾಟನೆಯ ದಿನದೊಳಗೆ, ಸರಿಪಡಿಸಬೇಕೆಂದು ಆದೇಶವಾಯಿತು. ಸಮಿತಿ ಅರ್ಧಂಬರ್ಧ ಮಾಡಿತು. ಕ್ರೀಡೆಗಳು ಮುಗಿದ ಮೇಲೆ ಮ್ಯಾಗ್ವೈರ್ ಅವರಿಗೆ 20,000 ಡಾಲರ್ ಪರಿಹಾರ ಕೊಡಿಸಲಾಯಿತು. ದುಡ್ಡು ಸಿಕ್ಕಿತು ನಿಜ. ಆದರೆ ಓಟದ ಫಲಿತಾಂಶವನ್ನು ಅಂದೇ ಓದುವ ಸಂತೋಷ ಮತ್ತೆ ಸಿಗುವಂಥದ್ದೇ?

ನಮ್ಮಲ್ಲಿ 2011ರ ಜನಗಣತಿಯ ಪ್ರಕಾರ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲಿಯೇ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕಿನ ಮಾತಾಗಿಸಿತು. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಬರಿಯ ಸಲಹೆಯ ರೂಪದ ನಿಯಮ ಸಾಲದು, ಕಡ್ಡಾಯವಾದ ಮಾನದಂಡಗಳು ಬೇಕು ಎಂದಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಆಸಿಡ್ ದಾಳಿಗೆ ತುತ್ತಾದವರ ಅರ್ಜಿಯಿಂದ ಹುಟ್ಟಿದ್ದು. ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕಿತ್ತು; ಕಣ್ಣುರೆಪ್ಪೆಯೇ ಸುಟ್ಟುಹೋದವರು ಏನನ್ನು ಮಿಟುಕಿಸಿಯಾರು? ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೇ ಎಂದು ಆ ತೀರ್ಪು ಹೇಳಿತು.

ನಿಮ್ಮಲ್ಲಿ ಹಲವರು ನಾಳೆ ಜಾಲತಾಣಗಳನ್ನು ಕಟ್ಟುವವರು. ಈಗಲೇ ಒಂದು ಪರೀಕ್ಷೆ ಮಾಡಬಹುದು. ನಿಮ್ಮ ಕಾಲೇಜಿನ ತಾಣವನ್ನು ತೆರೆದು ಮೌಸನ್ನು ಪಕ್ಕಕ್ಕಿಡಿ. ಟ್ಯಾಬ್ ಕೀಲಿಯನ್ನೇ ಒತ್ತುತ್ತ ಪ್ರವೇಶ ಅರ್ಜಿಯವರೆಗೆ ಹೋಗಿ. ನೀವು ಎಲ್ಲಿದ್ದೀರಿ ಎಂಬುದು ತೆರೆಯ ಮೇಲೆ ತಿಳಿಯುತ್ತಿದೆಯೇ? ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡಿರಾ? ಮೊಬೈಲ್ ಫೋನುಗಳಲ್ಲಿಯೂ ತೆರೆ ಓದುವ ಸೌಲಭ್ಯ ಬಹುತೇಕ ಇದ್ದೇ ಇರುತ್ತದೆ. ಅದನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ಹತ್ತು ನಿಮಿಷ ಕೇಳಿ. ಆರಿಸುವುದು ಹೇಗೆಂದು ಮೊದಲೇ ಕಲಿತಿರಿ. ನಾನು ಕಲಿಯದೆ ಅರ್ಧ ಗಂಟೆ ಒದ್ದಾಡಿದ್ದೆ.

ಆ ವಿದ್ಯಾರ್ಥಿ ಅಂದು ಎಲ್ಲೆಲ್ಲಿ ತೊಡಕಾಯಿತೆಂದು ಪುಟದ ವಿಳಾಸ ಸಹಿತ ಟೈಪು ಮಾಡಿ ಆ ಕಚೇರಿಗೆ ಕಳುಹಿಸಿದ. ನಾಲ್ಕು ತಿಂಗಳು ಉತ್ತರವಿಲ್ಲ. ಮುಂದಿನ ವರ್ಷ ಅರ್ಜಿ ತೆರೆದಾಗ ‘ಖಾಲಿ, ಖಾಲಿ’ ಎನ್ನುತ್ತಿದ್ದ ಜಾಗದಲ್ಲಿ ‘ಹೆಸರು’, ‘ಜನ್ಮದಿನಾಂಕ’ ಎಂದು ಕೇಳಿಸಿತಂತೆ. ನನಗೆ ಫೋನು ಮಾಡಿ ಕೇಳಿಸಿದ. ಕ್ಯಾಪ್ಚಾ ಮಾತ್ರ ಹಾಗೆಯೇ ಇತ್ತು. ಅದರ ಬಗ್ಗೆ ಎರಡನೆಯ ಪತ್ರ ಬರೆಯುತ್ತಿದ್ದಾನೆ.