ವಿಮಾನ ಜನರದು, ಬಾಗಿಲು ಯಾರದು?

(ಹೊಸರಿತ್ತಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಏಪ್ರಿಲ್ 1 ಈ ಊರಿಗೆ ಸಾಮಾನ್ಯ ದಿನವಲ್ಲ. 1943ರಲ್ಲಿ ಅದೇ ದಿನ, ಬ್ರಿಟಿಷ್ ಸರ್ಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಬಂದ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಇಲ್ಲಿಯೇ ಗುಂಡಿಗೆ ಎದೆಯೊಡ್ಡಿದರು. ಸರಿಯಾಗಿ ಹತ್ತು ವರ್ಷ ಮೊದಲು, 1933ರ ಏಪ್ರಿಲ್ 1ರಂದು, ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಅಸ್ತಿತ್ವಕ್ಕೆ ಬಂದಿತ್ತು. ಎರಡೂ ಈ ದೇಶದ ಚರಿತ್ರೆಯೇ. ಆದರೆ ಹುತಾತ್ಮರು ಬಿದ್ದ ನೆಲವನ್ನು ನೋಡಲು ಯಾರ ಅಪ್ಪಣೆಯೂ ಬೇಡ. ವಿಮಾನದ ಚರಿತ್ರೆಯನ್ನು ನೋಡಹೊರಟವನಿಗೆ ಮೊದಲು ಎದುರಾಗುವುದು ಕಾವಲಿನ ಗೇಟು.

ವಾಯುಪಡೆಯ ವಸ್ತುಸಂಗ್ರಹಾಲಯ 1967ರಲ್ಲಿ ಆರಂಭವಾದದ್ದು ದೆಹಲಿಯ ಪಾಲಂನಲ್ಲಿ, ವಾಯುನೆಲೆಯ ಆವರಣದೊಳಗೆ. ವಾಪಿಟಿಯಿಂದ ಹಿಡಿದು ಯುದ್ಧಕಾಲದ ಹಲವು ವಿಮಾನಗಳು ಅಲ್ಲಿ ಸಂಗ್ರಹವಾದವು. ಆದರೆ ನೆಲೆಯೊಳಗಿನ ಸಂಗ್ರಹಾಲಯಕ್ಕೆ ಒಂದು ಸಹಜ ತೊಡಕಿದೆ. ಅದರ ಬಾಗಿಲು ತೆರೆಯುವುದೂ ಮುಚ್ಚುವುದೂ ನೋಡುಗರ ಅನುಕೂಲಕ್ಕಿಂತ ಹೆಚ್ಚಾಗಿ ಭದ್ರತೆಯ ಅಗತ್ಯವನ್ನು ಅವಲಂಬಿಸಿರುತ್ತದೆ. ಭದ್ರತೆ ಬೇಡವೆಂದು ಯಾರೂ ಹೇಳುವುದಿಲ್ಲ. ಸೇವೆ ಮುಗಿಸಿದ ಹಳೆಯ ವಿಮಾನವನ್ನು ಸೇವೆಯಲ್ಲಿರುವ ವಿಮಾನದ ಪಕ್ಕದಲ್ಲೇ ಏಕೆ ಇಡಬೇಕು ಎಂಬುದಷ್ಟೇ ಪ್ರಶ್ನೆ.

ಗೇಟಿನ ಹೊರಗೆ ಇಡಲು ಸಾಧ್ಯ ಎಂಬುದಕ್ಕೆ ಉದಾಹರಣೆಗಳುಂಟು. ನೌಕಾಪಡೆಯ ವಿಮಾನ ಸಂಗ್ರಹಾಲಯ 1998ರಲ್ಲಿ ಗೋವಾದ ಬೋಗ್ಮಾಲೊ ರಸ್ತೆಯಲ್ಲಿ ಆರಂಭವಾಯಿತು. ಬೆಂಗಳೂರಿನ ಎಚ್‌ಎಎಲ್ ಪರಂಪರಾ ಕೇಂದ್ರ 2001ರಲ್ಲಿ ಬಾಗಿಲು ತೆರೆಯಿತು. ಚಂಡೀಗಡದಲ್ಲಿ ವಾಯುಪಡೆಯ ಪರಂಪರಾ ಕೇಂದ್ರ 2023ರಲ್ಲಿ ಉದ್ಘಾಟನೆಗೊಂಡಿತು. ಇವು ಟಿಕೆಟು ಪಡೆದು ಒಳಹೋಗಬಹುದಾದ ತಾಣಗಳು. ಆದರೆ ಹೊಸರಿತ್ತಿಯ ಮಗುವಿಗೆ ಬೆಂಗಳೂರು ಮುನ್ನೂರು ಕಿಲೊಮೀಟರಿಗೂ ಹೆಚ್ಚು ದೂರ. ಬಸ್ಸಿನ ಖರ್ಚು, ರಾತ್ರಿಯ ವಸತಿ, ಶಾಲೆಯ ಪ್ರವಾಸದ ವಂತಿಗೆ ಎಲ್ಲ ಸೇರಿದಾಗ ಪ್ರವೇಶದ ಟಿಕೆಟಿಗಿಂತ ದಾರಿಯ ವೆಚ್ಚವೇ ಭಾರವಾಗುತ್ತದೆ.

ಎರಡನೆಯ ತೊಡಕು ರಾಜಕೀಯದ್ದು. ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಸಾಹಸಕ್ಕೆ ಮೈಸೂರು ಸಂಸ್ಥಾನ ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟಿತು. ಸರ್ ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್‌ರ ಪಾಲನ್ನು ಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಯಿತು. ಹೊಸರಿತ್ತಿಯಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ರಕ್ತ ಹರಿದ ವರ್ಷವೇ ಬೆಂಗಳೂರಿನ ಕನ್ನಡಿಗ ಕಾರ್ಮಿಕರು ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದರು. ಈ ವಿರೋಧಾಭಾಸವನ್ನು ಮರೆಮಾಚದೆ ಹೇಳುವುದೇ ಚರಿತ್ರೆ.

ಮಾರುತ್ ವಿಮಾನದ ಕಥೆ ಇನ್ನೂ ಸೂಕ್ಷ್ಮ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿದ ಈ ಯುದ್ಧವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕೆಂಬುದು ಗುರಿಯಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟನ್ ತನ್ನ ಎಂಜಿನ್ ಅಭಿವೃದ್ಧಿಗೆ ಹಣ ಕೇಳಿತು, ಭಾರತ ಕೊಡಲಿಲ್ಲ. ಈಜಿಪ್ಟಿನೊಂದಿಗೆ ನಡೆದ ಪ್ರಯತ್ನವೂ ಫಲಿಸಲಿಲ್ಲ. ಆದರೂ 1971ರಲ್ಲಿ ಅದೇ ಮಾರುತ್ ಯುದ್ಧದಲ್ಲಿ ಕೆಲಸ ಮಾಡಿ ತೋರಿಸಿತು. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಪರೀಕ್ಷಾ ಹಾರಾಟದ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ನೋಡುಗನಿಗೆ ವಿಮಾನದ ಉದ್ದ, ಅಗಲ, ತೂಕ ತಿಳಿದರೆ ಸಾಲದು. ಎಂಜಿನ್ ಏಕೆ ಸಿಗಲಿಲ್ಲ, ತೀರ್ಮಾನ ಯಾರದು, ಬೆಲೆ ತೆತ್ತವರು ಯಾರು ಎಂಬುದೂ ತಿಳಿಯಬೇಕು. ವಿಮಾನ ಮಾಡಿದವರೇ, ಹಾರಿಸಿದವರೇ ಸಂಗ್ರಹಾಲಯವನ್ನೂ ನಡೆಸುವಾಗ ಇಂಥ ಪ್ರಶ್ನೆಗಳು ಮುಜುಗರ ತರುತ್ತವೆ.

ಇದು ನಮ್ಮಲ್ಲಿ ಮಾತ್ರ ಇರುವ ಕಷ್ಟವೇನೂ ಅಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1976ರಲ್ಲಿ ಹೊಸ ಕಟ್ಟಡ ಪಡೆದ ರಾಷ್ಟ್ರೀಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಅಲ್ಲಿಯೂ, ಹಿರೋಶಿಮಾ ಮೇಲೆ ಅಣುಬಾಂಬ್ ಹಾಕಿದ ಎನೊಲಾ ಗೇ ವಿಮಾನದ ಪ್ರದರ್ಶನದಲ್ಲಿ ಬಾಂಬಿಗೆ ಬಲಿಯಾದವರ ಸಂಕಟವನ್ನೂ ಹೇಳಬೇಕೆಂದಾಗ ಮಾಜಿ ಸೈನಿಕರ ಸಂಘಟನೆಗಳೂ ಸಂಸದರೂ ಸಿಡಿದೆದ್ದರು. 1995ರಲ್ಲಿ ಆ ಯೋಜನೆ ರದ್ದಾಯಿತು, ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಬಾಗಿಲು ತೆರೆದಿದ್ದರೂ ಬಾಯಿ ಕಟ್ಟಬಹುದು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಈ ಭಾಗಕ್ಕೆ ಹತ್ತಿರದ ಕಾರವಾರಕ್ಕೆ ಬರೋಣ. ನೌಕಾಪಡೆಯ ಟುಪೊಲೆವ್-142 ಎಂಬ ಭಾರಿ ಗಸ್ತು ವಿಮಾನಗಳು 1988ರಲ್ಲಿ ಸೇವೆಗೆ ಬಂದು 2017ರ ಮಾರ್ಚ್‌ನಲ್ಲಿ ನಿವೃತ್ತವಾದವು. ಒಂದು ವಿಮಾನ ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಕಡಲತೀರದಲ್ಲಿ ಸಂಗ್ರಹಾಲಯವಾಯಿತು. ಕಾರವಾರದ ಪಾಲಿನ ವಿಮಾನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಲಾರಿಗಳಲ್ಲಿ ಬಂದದ್ದು 2023ರಲ್ಲಿ. ಅಲ್ಲಿ ಒಂಬತ್ತು ತಿಂಗಳಲ್ಲಿ ಆದ ಕೆಲಸಕ್ಕೆ ಇಲ್ಲಿ ವಿಮಾನ ಬರಲೇ ಆರು ವರ್ಷ ಹಿಡಿಯಿತು. ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ, ಕಡಲತೀರ ಬಿಟ್ಟುಕೊಟ್ಟ ಜಿಲ್ಲೆ ಅದು. ಅಲ್ಲಿನ ಜನಕ್ಕೆ ಹಳೆಯದೊಂದು ವಿಮಾನ ನೋಡುವ ಅವಕಾಶ ಯಾರೂ ಮಾಡುವ ಉಪಕಾರವಲ್ಲ, ಅವರಿಗೆ ಸಲ್ಲಬೇಕಾದ ಬಾಕಿ.

ಹಾಗಾದರೆ ಕೇಳಬೇಕಾದ್ದೇನು? ಸಂಗ್ರಹಾಲಯ ನೆಲೆಯ ಗೇಟಿನ ಹೊರಗಿರಲಿ. ರಜಾದಿನಗಳಲ್ಲಿ, ಶಾಲೆಗಳ ಪ್ರವಾಸದ ತಿಂಗಳುಗಳಲ್ಲಿ ತಪ್ಪದೆ ತೆರೆದಿರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಟಿಕೆಟು ಬೇಡ. ವಿವರಣೆಯ ಫಲಕ ಕನ್ನಡದಲ್ಲೂ ಇರಲಿ. ಗೆಲುವಿನ ಜೊತೆಗೆ ಸೋಲನ್ನೂ ಅದು ಹೇಳಲಿ. ಆಡಳಿತ ಮಂಡಳಿಯಲ್ಲಿ ಸೇನಾಧಿಕಾರಿಯ ಪಕ್ಕ ಚರಿತ್ರೆ ಬಲ್ಲವರೂ ಶಿಕ್ಷಕರೂ ಕುಳಿತುಕೊಳ್ಳಲಿ. ಇವುಗಳಲ್ಲಿ ಯಾವುದರಿಂದಲೂ ದೇಶದ ರಹಸ್ಯ ಬಯಲಾಗುವುದಿಲ್ಲ.

ಮಹದೇವಪ್ಪ ಮತ್ತು ಸಂಗಡಿಗರು ಇಲ್ಲಿಗೆ ಬಂದದ್ದು ರೈತರಿಂದ ವಸೂಲಾದ ಕಂದಾಯ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಹೊತ್ತು. ಮಾರುತ್ ಹಾರಿದ್ದೂ ಟುಪೊಲೆವ್ ಬಂದದ್ದೂ ಜನರ ತೆರಿಗೆಯಿಂದಲೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲನೂ ಬೆಂಕಿಪೆಟ್ಟಿಗೆ ಕೊಳ್ಳುವಾಗ ತನ್ನ ಪಾಲು ಕಟ್ಟಿದ್ದಾನೆ. ಆ ಲೆಕ್ಕವನ್ನು ಅವನ ಮಗ ಒಮ್ಮೆ ಹತ್ತಿರದಿಂದ ಮುಟ್ಟಿ ನೋಡಲಿ.